ಕೋಡಿ ನೀರಿಗೆ ಕುರ್ಚಿಗಾಡಿ

ಸಂಜೆ ಹೊತ್ತು ನಮ್ಮ ಮನೆಯಲ್ಲಿ ಎರಡು ಕೆಲಸ ತಪ್ಪುವುದಿಲ್ಲ. ತಮ್ಮನ ಹೆಂಡತಿ ದೇವರ ಮುಂದೆ ದೀಪ ಹಚ್ಚುತ್ತಾಳೆ. ನಾನು ನಡುಮನೆಯ ಮೂಲೆಯಲ್ಲಿ ನಿಂತಿರುವ ನನ್ನ ಬ್ಯಾಟರಿ ಗಾಡಿಗೆ ಚಾರ್ಜರ್ ಸಿಕ್ಕಿಸುತ್ತೇನೆ. ಅವಳ ದೀಪ ಗಾಳಿಗೆ ಆರಿದರೂ ಆರಬಹುದು. ನನ್ನದು ಕೆಂಪಗೆ ಹತ್ತಿಕೊಂಡು ಬೆಳಗಾಗುವ ಹೊತ್ತಿಗೆ ಹಸಿರಾಗಿರುತ್ತದೆ. ಗಾಡಿ ಬೀದಿಗಿಳಿಯದೆ ಮನೆಯಲ್ಲೇ ನಿಂತ ದಿನವೂ ನಾನು ಒಮ್ಮೆ ನೋಡದೆ ಮಲಗುವವಳಲ್ಲ. ಬ್ಯಾಟರಿಯನ್ನು ಖಾಲಿ ಹೊಟ್ಟೆಯಲ್ಲಿ ಮಲಗಿಸಬಾರದು.

ಈಗ ಬೇಸಿಗೆ ಕಾಲಿಟ್ಟಿದೆ. ಕೆರೆಯ ನೀರು ಏರಿಯಿಂದ ಬಹಳ ಒಳಕ್ಕೆ ಸರಿದಿದೆ. ಕೋಡಿಯ ಕಲ್ಲು ಒಣಗಿ, ಅದರ ಮೇಲೆ ಯಾರೋ ಹುಣಸೆಹಣ್ಣು ಹರಡಿದ್ದಾರಂತೆ. ಆದರೂ ಚಾರ್ಜರಿನ ಪಿನ್ನು ಕೈಗೆ ತೆಗೆದುಕೊಂಡಾಗಲೆಲ್ಲ ನನ್ನ ಮನಸ್ಸು ಅಲ್ಲಿಗೇ ಹೋಗುತ್ತದೆ, ಆ ಕಲ್ಲಿನ ಮೇಲೆ ನೀರು ಹರಿಯುತ್ತಿದ್ದ ಬೆಳಗಿಗೆ.

ಗಾಡಿಯ ವಿಷಯ ಮೊದಲು ಹೇಳಿಬಿಡುತ್ತೇನೆ. ನಾಲ್ಕು ಪುಟ್ಟ ಚಕ್ರ, ಮೇಲೊಂದು ಕೈಯಿರುವ ಕುರ್ಚಿ, ಮುಂದೆ ಹ್ಯಾಂಡಲ್ಲು. ಹ್ಯಾಂಡಲ್ಲಿನ ಹತ್ತಿರ ಬೆರಳಿಗೆ ಸಿಗುವ ಹಾಗೆ ಒಂದು ಪಟ್ಟಿ. ಒತ್ತಿದರೆ ಹೋಗುತ್ತದೆ, ಬಿಟ್ಟರೆ ನಿಲ್ಲುತ್ತದೆ. ಚುರುಕಾಗಿ ನಡೆಯುವವರು ನನ್ನನ್ನು ಹಿಂದೆ ಹಾಕಬಲ್ಲರು, ಹಾಕಿ ತಿರುಗಿ ನೋಡಿ ನಗಲೂ ಬಲ್ಲರು. ದೊಡ್ಡೇರಿ ಹೋಬಳಿಯ ನಮ್ಮೂರಲ್ಲಿ ಇದಕ್ಕೆ ಕುರ್ಚಿಗಾಡಿ ಎಂದೇ ಹೆಸರು. ಅಂಗಡಿಯವರು ಹೇಳಿದ ಇಂಗ್ಲಿಷ್ ಹೆಸರು ಯಾರ ಬಾಯಿಗೂ ಹತ್ತಲಿಲ್ಲ, ನನ್ನ ಬಾಯಿಗೂ ಹತ್ತಲಿಲ್ಲ.

ನಾನು ಎರಡು ವರ್ಷದ ಮಗುವಾಗಿದ್ದಾಗ ಬಂದ ಜ್ವರ, ಹೋಗುವಾಗ ನನ್ನ ಕಾಲುಗಳ ಶಕ್ತಿಯನ್ನೂ ಜೊತೆಗೆ ಕರೆದುಕೊಂಡು ಹೋಯಿತು. ಹಾಗಂತ ನಾನು ಕೂತು ತಿಂದವಳಲ್ಲ. ಮಧುಗಿರಿ, ಕೊರಟಗೆರೆ, ಪಾವಗಡ ಎಂದು ಸರ್ಕಾರ ಹಾಕಿದ ಕಡೆಯೆಲ್ಲ ಗುಮಾಸ್ತೆಯಾಗಿ ಕೆಲಸ ಮಾಡಿದೆ. ಪಕ್ಕಕ್ಕೆ ಎರಡು ಚಕ್ರ ಕೂರಿಸಿದ ಸ್ಕೂಟರಿನಲ್ಲಿ ಆಫೀಸಿಗೆ ಹೋಗಿ ಬಂದೆ. ಪಾವಗಡದಲ್ಲಿ ಆಫೀಸಿಗೆ ಬರುತ್ತಿದ್ದ ರೈತರು ನನ್ನ ಮೇಜಿನ ಮುಂದೆ ನಿಂತು, "ಲೇವೊದ್ದಮ್ಮಾ, ಕೂರ್ಚೋ" ಎಂದು ತೆಲುಗಿನಲ್ಲಿ ಅಕ್ಕರೆ ತೋರಿಸುವರು. ಏಳಬೇಡಮ್ಮ, ಕೂತಿರು ಅಂತ. ಏಳುವ ಯೋಚನೆ ನನಗೆ ಇದ್ದರಲ್ಲವೆ! ಆ ಅಕ್ಕರೆ ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಅವರ ಕಾಗದದಲ್ಲಿ ತಪ್ಪು ಹುಡುಕಿ ವಾಪಸ್ ಕಳಿಸೋಣ ಅನ್ನಿಸುತ್ತಿತ್ತು, ಕಳಿಸುತ್ತಿರಲಿಲ್ಲ.

ನಿವೃತ್ತಿಯಾಗುವ ಹೊತ್ತಿಗೆ ಭುಜಗಳೂ ಸೋತವು. ಇಷ್ಟು ವರ್ಷ ಕಾಲುಗಳ ಕೆಲಸವನ್ನೂ ಅವೇ ಮಾಡಿದ್ದವಲ್ಲ. ಊರಿಗೆ ಬಂದು ತಮ್ಮನ ಮನೆ ಸೇರಿದೆ. ಅವನ ಮನೆ ಅಂದರೆ ನಾವಿಬ್ಬರೂ ಹುಟ್ಟಿದ ಮನೆಯೇ. ತಮ್ಮ ಬಾಗಿಲಿನ ಮೆಟ್ಟಿಲು ಒಡೆಸಿ ಇಳಿಜಾರು ಮಾಡಿಸಿದ, ನಾನು ಈ ಗಾಡಿ ತರಿಸಿಕೊಂಡೆ.

ಗುಮಾಸ್ತೆಯಾಗಿದ್ದವಳಿಗೆ ನಿಯಮ ಅಂದರೆ ಒಂದು ಖುಷಿ. ಗಾಡಿಯ ಜೊತೆ ಬಂದ ಪುಸ್ತಕವನ್ನು ಸರ್ಕಾರಿ ಸುತ್ತೋಲೆಯ ಹಾಗೆ ಓದಿಕೊಂಡೆ. ಹತ್ತುವ ಮುಂಚೆ, ಇಳಿಯುವ ಮುಂಚೆ ಕೀಲಿ ತೆಗೆಯಬೇಕು. ಇದನ್ನು ನಾನು ಕಲಿತದ್ದು ಮಾತ್ರ ಪುಸ್ತಕದಿಂದಲ್ಲ. ಒಂದು ಸಲ ಕೀಲಿ ಇರುವಾಗಲೇ ಇಳಿಯಲು ಹೋಗಿ, ಸೆರಗು ಬೆರಳುಪಟ್ಟಿಗೆ ಸಿಕ್ಕಿ, ಗಾಡಿ ತಾನಾಗಿ ಹೊರಟು ತುಳಸಿಕಟ್ಟೆಗೆ ಗುದ್ದಿತು. ಅಂದಿನಿಂದ ಸೆರಗನ್ನು ಸುತ್ತಿ ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸದೆ ನಾನು ಕುರ್ಚಿಯ ಮೇಲೆ ಕೂರುವುದಿಲ್ಲ. ಇಳಿಜಾರಿನಲ್ಲಿ ಅಡ್ಡಡ್ಡ ತಿರುಗಿಸಬಾರದು, ನೇರ ಇಳಿಯಬೇಕು. ಹಿಂದೆ ಒಂದು ಸಣ್ಣ ಸನ್ನೆ, ಅಂದರೆ ಲಿವರು, ಇದೆ. ಅದನ್ನು ಎಳೆದರೆ ಗಾಡಿಯನ್ನು ಕೈಯಲ್ಲಿ ತಳ್ಳಬಹುದು, ಆದರೆ ಆಗ ಬ್ರೇಕು ಇರುವುದಿಲ್ಲ. ಬೀದಿ ಹುಡುಗರಿಗೆ ಈ ಸನ್ನೆಯ ಮೇಲೆಯೇ ಕಣ್ಣು. ಆದ್ದರಿಂದ ಹೊರಡುವ ಮುಂಚೆ ಕೈ ಹಿಂದಕ್ಕೆ ಹಾಕಿ ಅದು ತನ್ನ ಜಾಗದಲ್ಲಿದೆಯೇ ಎಂದು ತಡವಿ ನೋಡುತ್ತೇನೆ.

ಪುಸ್ತಕ ಬರೆದವರಿಗೆ ನಮ್ಮ ಕಡೆಯ ರಸ್ತೆ ಗೊತ್ತಿರಲಿಲ್ಲ. ಸುಗ್ಗಿಯಲ್ಲಿ ನಮ್ಮವರು ರಾಗಿ, ಹುರುಳಿ ಎಲ್ಲವನ್ನೂ ಟಾರು ರಸ್ತೆಗೆ ಹರಡುತ್ತಾರೆ. ಬಸ್ಸು ಲಾರಿಗಳು ಹಾದು ಒಕ್ಕಣೆ ಮುಗಿಸಿಕೊಡುತ್ತವೆ. ನನ್ನ ಗಾಡಿ ಅದರ ಮೇಲೆ ಹೋದರೆ ಕಾಳು ಉದುರುವುದಿಲ್ಲ, ಹುಲ್ಲು ಮಾತ್ರ ಚಕ್ರದ ಅಚ್ಚಿಗೆ ಸುತ್ತಿಕೊಳ್ಳುತ್ತದೆ. ಮನೆಗೆ ಬಂದು ನೆಲದ ಮೇಲೆ ಕೂತು ಒಂದೊಂದೇ ಎಳೆ ಬಿಡಿಸುತ್ತೇನೆ. ಹೇನು ತೆಗೆದ ಹಾಗೆ, ಎಂದು ತಮ್ಮನ ಹೆಂಡತಿ ನಗುತ್ತಾಳೆ.

ಇಷ್ಟೆಲ್ಲ ನಿಯಮಗಳಲ್ಲಿ ಆ ಪುಸ್ತಕ ಮತ್ತೆ ಮತ್ತೆ ಹೇಳುತ್ತಿದ್ದದ್ದು ಒಂದೇ. ನೀರು ತಾಗಿಸಬೇಡಿ. ಮಳೆಯಲ್ಲಿ ನಿಲ್ಲಿಸಬೇಡಿ, ಹರಿಯುವ ನೀರಿನಲ್ಲಿ ಓಡಿಸಬೇಡಿ, ಪೈಪು ಹಿಡಿದು ತೊಳೆಯಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿದರೂ ಕೂಡಲೇ ಒಣ ಬಟ್ಟೆಯಲ್ಲಿ ಒರೆಸಿ. ಓದಿ ನಗು ಬಂತು. ನನ್ನನ್ನು ಎಲ್ಲಿಗೆ ಬೇಕಾದರೂ ಕರೆದುಕೊಂಡು ಹೋಗಬಲ್ಲ ಗಾಡಿ ಕೊನೆಗೂ ಬಂತು, ಅದಕ್ಕೆ ನೀರು ಆಗುವುದಿಲ್ಲ. ನಾನು ಹೋಗಬೇಕೆಂದು ಹಂಬಲಿಸುತ್ತಿದ್ದದ್ದು ಒಂದೇ ಕಡೆಗೆ, ಅದು ನೀರು.

ಚಿಕ್ಕಂದಿನಲ್ಲಿ ನಾನು ಅಂಬೆಗಾಲಿನಲ್ಲೇ ಓಡಾಡುತ್ತಿದ್ದೆ. ಮನೆಯಲ್ಲಿ, ಅಂಗಳದಲ್ಲಿ, ಬೀದಿಯಲ್ಲೂ. ಅಂಗೈ ಚಪ್ಪಲಿಯ ಅಟ್ಟೆಯಷ್ಟು ಗಟ್ಟಿಯಾಗಿತ್ತು. ಒಂದು ದಿನ ಶಾಲೆಯ ಅಂಗಳದಲ್ಲಿ ಮಕ್ಕಳು ನನ್ನ ಸುತ್ತ ತಾವೂ ಕೈಕಾಲೂರಿ ಮೇಕೆಯ ಹಾಗೆ ಕೂಗುತ್ತ ಸುತ್ತಿದರು. ಆಮೇಲೆ ಕಾಲಿಗೆ ಕಬ್ಬಿಣದ ಪಟ್ಟಿ, ಕಂಕುಳಿಗೆ ಕೋಲು ಬಂತು. ಇನ್ನು ಜನರ ಮುಂದೆ ನೆಲಕ್ಕೆ ಕೈ ಊರುವುದಿಲ್ಲ ಎಂದು ಆ ಮೇಕೆ ಕೂಗಿನ ದಿನವೇ ಹಟ ಹಿಡಿದಿದ್ದೆ. ಈ ವಯಸ್ಸಿನವರೆಗೂ ಆ ಹಟ ಬಿಟ್ಟಿರಲಿಲ್ಲ.

ಆದರೆ ಹೊಲದ ಬಾವಿಯ ಹತ್ತಿರ ಜನರಿರುತ್ತಿರಲಿಲ್ಲ. ಅಪ್ಪ ಎತ್ತುಗಳ ಮೈ ತೊಳೆದಾದ ಮೇಲೆ ನನ್ನನ್ನು ಬೆನ್ನಿಗೆ ಹತ್ತಿಸಿಕೊಂಡು ಬಾವಿಯ ಮೆಟ್ಟಿಲಿಳಿಯುವರು. ನೀರು ಸೊಂಟಕ್ಕೆ ಬಂದಾಗ ನನ್ನನ್ನು ಅಂಗಾತ ಮಲಗಿಸಿ, ಬೆನ್ನ ಕೆಳಗೆ ಒಂದು ಅಂಗೈ ಇಡುವರು. ಬೇರೆ ಮಕ್ಕಳಿಗೆ ಸೊಂಟಕ್ಕೆ ಸೋರೆಬುರುಡೆ ಕಟ್ಟಿ ಈಜು ಕಲಿಸುತ್ತಿದ್ದರು. ಅಪ್ಪ ಅದನ್ನು ಕಟ್ಟಲಿಲ್ಲ. "ಕತ್ತು ಸಡಲ ಬುಡು. ಆಕಾಶ ನೋಡು. ಕೈ ಇಟ್ಟಿದೀನಿ ಕಣಮ್ಮ" ಅನ್ನುವರು. ನಾನು ಬಾವಿಯ ಬಾಯಿಗೆ ಸಿಕ್ಕಷ್ಟು ಆಕಾಶ ನೋಡುತ್ತ ಮಲಗಿರುವೆ. ಸ್ವಲ್ಪ ಹೊತ್ತಾದ ಮೇಲೆ ತಿರುಗಿ ನೋಡಿದರೆ ಅಪ್ಪ ಮೆಟ್ಟಿಲ ಮೇಲೆ ಕೂತು ಬೀಡಿ ಹಚ್ಚುತ್ತಿರುವರು. ಬೆನ್ನ ಕೆಳಗೆ ಕೈ ಇರಲಿಲ್ಲ, ನೀರಿತ್ತು. ಕೈ ಯಾವಾಗ ತೆಗೆದರು ಎಂದು ಒಂದು ದಿನವೂ ನನಗೆ ಗೊತ್ತಾಗಲಿಲ್ಲ.

ಆಮೇಲೆ ಬೋರಲು ಮಲಗಿ ಕೈಬೀಸುವುದನ್ನೂ ಕಲಿತೆ. ನನ್ನ ತೋಳುಗಳಿಗೆ ಅದೊಂದು ಕೆಲಸವೇ ಆಗಿರಲಿಲ್ಲ. ನೆಲದ ಮೇಲೆ ನನ್ನ ಹಿಂದೆ ಎಳೆದುಕೊಂಡು ಬರುವ ಕಾಲುಗಳು ನೀರಲ್ಲಿ ತಾವಾಗಿ ಮೇಲೇಳುತ್ತಿದ್ದವು. ಇವು ನನ್ನವೇ ಎಂದು ಅಲ್ಲಿ ಮಾತ್ರ ಪ್ರೀತಿ ಬರುತ್ತಿತ್ತು. ಅಮ್ಮನಿಗೆ ಹೇಳುತ್ತಿರಲಿಲ್ಲ, ಹೇಳಿದ್ದರೆ ಅಪ್ಪನಿಗೆ ಅವತ್ತು ಮುದ್ದೆ ಸಿಗುತ್ತಿರಲಿಲ್ಲ. ತಲೆ ಒಣಗುವವರೆಗೂ ಹುಣಸೆಮರದ ಬುಡದಲ್ಲಿ ಕೂತಿದ್ದು ಮನೆಗೆ ಬರುತ್ತಿದ್ದೆವು.

ಸುತ್ತ ಕೊಳವೆಬಾವಿಗಳು ಬಂದವು, ನಮ್ಮ ಬಾವಿ ಬತ್ತಿತು. ಆಗ ನನಗಿಂತ ಎಂಟು ವರ್ಷ ಚಿಕ್ಕವನಾದ ತಮ್ಮ ಇನ್ನೂ ಶಾಲೆಗೆ ಸೇರಿರಲಿಲ್ಲ. ಅವನು ಸೇರಿದ ಮೇಲೆ ಸ್ವಲ್ಪ ದಿನಕ್ಕೆ ಅಪ್ಪನೂ ಹೋದರು. ಅಲ್ಲಿಂದ ಇಲ್ಲಿಯವರೆಗೆ ನಾನು ಕಂಡ ನೀರೆಲ್ಲ ಬಕೆಟ್ಟಿನದು. ನಾನು ಈಜುತ್ತಿದ್ದೆ ಎಂದರೆ ಹೌದು ಎನ್ನುವ ಒಂದು ಜೀವವೂ ಭೂಮಿಯ ಮೇಲೆ ಉಳಿಯಲಿಲ್ಲ. ತಮ್ಮನಿಗೆ ಎಷ್ಟೋ ಸಲ ಹೇಳಿದ್ದೆ. "ನೀನಾ? ಈಜೋದಾ? ಕನ್ಸು ಗಿನ್ಸು ಕಂಡಿರ್ಬೇಕು ಬುಡಕ್ಕ" ಎಂದು ನಗುವನು. ಒಳ್ಳೆಯವನೇ. ನಾನು ಕಾಲೇಜು ಓದುವಾಗ ಸೈಕಲ್ಲಿನ ಕ್ಯಾರಿಯರಿನ ಮೇಲೆ ನನ್ನನ್ನು ಹೊತ್ತವನು. ಬಸ್ಸಿಗೆ ಎತ್ತಿ ಹತ್ತಿಸಿದವನು. ಆದರೆ ಈ ನಗು ಮಾತ್ರ ನನಗೆ ಸಹಿಸಲು ಆಗುತ್ತಿರಲಿಲ್ಲ. ಕೆಲವು ಸಲ ನನಗೇ ಅನುಮಾನ ಬರುತ್ತಿತ್ತು, ನಿಜಕ್ಕೂ ಕನಸೇ ಇದ್ದಿರಬಹುದೇ ಎಂದು.

ಕಳೆದ ಮಳೆಗಾಲದಲ್ಲಿ ಮಳೆ ಹಿಡಿದದ್ದು ಬಿಡಲಿಲ್ಲ. ಎಷ್ಟೋ ವರ್ಷ ಜಾಲಿಮರ ಬೆಳೆದುಕೊಂಡು ಬಿದ್ದಿದ್ದ ನಮ್ಮೂರ ಕೆರೆ ತುಂಬಿತು. ನವರಾತ್ರಿಗೆ ಮುಂಚೆ ಒಂದು ಬೆಳಿಗ್ಗೆ ಕೋಡಿ ಬಿತ್ತು ಎಂಬ ಕೂಗು ಬೀದಿ ಬೀದಿ ದಾಟಿ ನಮ್ಮ ಬಾಗಿಲಿಗೆ ಬಂತು. ಊರಿಗೆ ಊರೇ ಓಡಿತು. ತಮ್ಮನ ಹೆಂಡತಿ ಅರಿಶಿನ ಕುಂಕುಮ ಹಿಡಿದು ಹೋಗಿ ಬಂದು, ಕೋಡಿಯ ಪಕ್ಕದ ಕಲ್ಲುಹಾಸಿನ ಮೇಲೆ ನೀರು ಮೊಣಕಾಲುದ್ದ ನಿಂತಿದೆ, ಹೆಂಗಸರೆಲ್ಲ ಬಟ್ಟೆ ಒಗೆಯುತ್ತಿದ್ದಾರೆ ಎಂದಳು. ಮೊಣಕಾಲುದ್ದ! ಕೂತರೆ ನನ್ನ ಎದೆಯ ಮಟ್ಟ.

ತಮ್ಮ ಹೇಳಿದ: "ನಡೀಯಕ್ಕ, ಟ್ರಾಕ್ಟರ್‌ನಾಗೆ ಕರ್ಕೊಂಡೋಗಿ ತೋರಿಸ್ಕೊಂಡು ಬತ್ತೀನಿ. ಟ್ರೈಲರ್ ಮ್ಯಾಲೆ ಕುರ್ಚಿ ಹಾಕ್ತೀನಿ."

"ತೇರಿನ ಮೇಲೆ ದೇವರು ಕೂರಿಸಿದಂಗಾ?" ಎಂದೆ. ಬರುವುದಿಲ್ಲ ಎಂದೂ ಹೇಳಿದೆ. ಅವನಿಗೆ ಬೇಸರವಾಯಿತು. ಅವನ ಜೊತೆ ಹೋದರೆ ನೋಡಿಕೊಂಡು ಬರಬೇಕಾಗುತ್ತದೆ. ನೀರಿಗಿಳಿಯಲು ಅವನು ಬಿಡುವುದುಂಟೇ? ನನ್ನ ಲೆಕ್ಕ ಬೇರೆ ಇತ್ತು. ಹಬ್ಬದ ಗಲಾಟೆ ಮುಗಿಯಲಿ, ಜನ ಕರಗಲಿ, ಒಂದು ಬೆಳಿಗ್ಗೆ ನನ್ನ ಗಾಡಿಯಲ್ಲಿ ನಾನೇ ಹೋಗುತ್ತೇನೆ. ಊರಮ್ಮನ ಗುಡಿಯವರೆಗೆ ಸಿಮೆಂಟು ರಸ್ತೆ, ಅಲ್ಲಿಂದಾಚೆಗೆ ಗಟ್ಟಿ ಮಣ್ಣು. ಹೋಗಿ ಬರುವಷ್ಟು ಬ್ಯಾಟರಿ ಧಾರಾಳ ಇತ್ತು.

ಆಯುಧಪೂಜೆಯ ದಿನ ನಾನು ಸ್ನಾನದ ಮನೆಯಲ್ಲಿದ್ದೆ. ಹೊರಗೆ ಅಂಗಳದಲ್ಲಿ ತಮ್ಮ ಪೈಪು ಹಿಡಿದು ಟ್ರಾಕ್ಟರು ತೊಳೆಯುವ ಸದ್ದು ಕೇಳುತ್ತಿತ್ತು. ಸದ್ದು ಬಹಳ ಹೊತ್ತು ನಿಲ್ಲಲಿಲ್ಲ. ಹಬ್ಬ, ಚೆನ್ನಾಗಿ ತೊಳೆಯಲಿ ಎಂದುಕೊಂಡೆ. ಸೀರೆ ಉಟ್ಟು ಹೊರಗೆ ಬಂದು ನೋಡಿದರೆ ಟ್ರಾಕ್ಟರಿನ ಪಕ್ಕದಲ್ಲಿ ನನ್ನ ಗಾಡಿ. ಕುರ್ಚಿಗೆ ಚೆಂಡುಹೂವಿನ ಹಾರ, ಹ್ಯಾಂಡಲ್ಲಿಗೆ ಎರಡು ಬಾಳೆಕಂದು, ನಾಲ್ಕು ಚಕ್ರದ ಕೆಳಗೆ ನಾಲ್ಕು ನಿಂಬೆಹಣ್ಣು. ಮೈಯಿಂದ ನೀರು ತೊಟ್ಟಿಕ್ಕುತ್ತಿತ್ತು. ಕೊಳವೆಬಾವಿಯ ಪೈಪಿನ ರಭಸ ಎಂಥದೆಂದು ನನಗೆ ಗೊತ್ತು, ಟ್ರಾಕ್ಟರಿನ ಟೈರಿಗೆ ಮೆತ್ತಿದ ಕೆಸರು ಸಿಡಿದು ಹೋಗುತ್ತದೆ. ಅದೇ ಪೈಪನ್ನು ಕುರ್ಚಿಯ ಕೆಳಗೆ, ಬ್ಯಾಟರಿಯ ಪೆಟ್ಟಿಗೆಗೆ, ಸಂದುಗೊಂದಿಗೆಲ್ಲ ಹಿಡಿದಿದ್ದ.

"ಅಕ್ಕನ್ ಗಾಡಿ ಅಂತ ವಸಿ ಚೆನ್ನಾಗೇ ತೊಳ್ದಿದೀನಿ" ಎಂದು ಬೆನ್ನು ನೆಟ್ಟಗೆ ಮಾಡಿಕೊಂಡ.

ಅಷ್ಟರಲ್ಲಿ ಅವನ ಹೆಂಡತಿ ಮಂಗಳಾರತಿ ಎತ್ತಿಬಿಟ್ಟಳು. ಆರತಿಯಾದ ಮೇಲೆ ಗಾಡಿ ನಿಂಬೆಹಣ್ಣಿನ ಮೇಲೆ ಹತ್ತಿ ಮುಂದೆ ಹೋಗಬೇಕಲ್ಲ. "ಒಂದ್ ಚೂರು ಮುಂದುಕ್ ಬುಡ್ತೀನಿ" ಎಂದು ತಮ್ಮ ಕೀಲಿ ತಿರುಗಿಸಿದ. ಬೇಡವೋ ಎಂದು ನಾನು ಕಿರುಚುವುದಕ್ಕೂ ಗಾಡಿಯ ದೀಪಗಳೆಲ್ಲ ಒಟ್ಟಿಗೆ ಮಿನುಗಿ ಆರಿಹೋಗುವುದಕ್ಕೂ ಸರಿಹೋಯಿತು. ಟ್ರಾಕ್ಟರು ಬುಸ್ಸೆಂದು ನಿಂಬೆಹಣ್ಣು ಅಪ್ಪಚ್ಚಿ ಮಾಡಿ ಹೊರಟಿತು. ನನ್ನ ಗಾಡಿಯ ಕೆಳಗಿನ ನಾಲ್ಕೂ ಹಾಗೇ ದುಂಡಗೆ ಉಳಿದವು.

ನಾನು ಅವತ್ತು ಆಡಿದ ಮಾತುಗಳನ್ನು ಹಬ್ಬದ ದಿನ ಆಡಬಾರದು. ಹೋಳಿಗೆ ತಿನ್ನಲಿಲ್ಲ. ಶಿರಾದ ಬ್ಯಾಟರಿ ಅಂಗಡಿಯ ಸಾಹೇಬರಿಗೆ ಫೋನು ಮಾಡಿದೆ. "ಯಾ ಅಲ್ಲಾ! ಬ್ಯಾಟರಿ ಗಾಡಿಗೆ ಗುಸಲ್, ಸ್ನಾನ ಮಾಡ್ಸಿದ್ರಾ? ಕೀಲಿ ಮುಟ್ಟಬೇಡಿ, ಚಾರ್ಜಿಗೆ ಬಿಲ್ಕುಲ್ ಹಾಕಬೇಡಿ. ಬ್ಯಾಟರಿ ಬಿಚ್ಚಿ ನೆರಳಲ್ಲಿ ಇಡಿ, ಫ್ಯಾನು ಹಾಕಿ. ನಾನು ಬರ್ತೀನಿ" ಎಂದರು. ಬರ್ತೀನಿ ಎಂದವರು ತಕ್ಷಣ ಬರಲಿಲ್ಲ. ಹಬ್ಬದ ಸಾಲು, ಅಂಗಡಿ ತುಂಬ ಕೆಲಸ. ಗಾಡಿ ನಡುಮನೆಯಲ್ಲಿ ಫ್ಯಾನಿನ ಕೆಳಗೆ ನಿಂತಿತು, ನಾವೆಲ್ಲ ಸೆಕೆಯಲ್ಲಿ ಜಗಲಿಯ ಮೇಲೆ ಮಲಗಿದೆವು.

ಮಳೆ ನಿಂತಿತ್ತು. ಆಕಾಶ ತೊಳೆದಿಟ್ಟ ತಟ್ಟೆಯ ಹಾಗೆ ಖಾಲಿ. ಬಟ್ಟೆ ಒಗೆದು ಬಂದ ತಮ್ಮನ ಹೆಂಡತಿಯನ್ನು ದಿನವೂ ಕೇಳುವೆ, ಕೋಡಿ ಹೆಂಗಿದೆ ಅಂತ. "ವಸಿ ತಗ್ಗೈತೆ ಕಣಕ್ಕ." ಮಾರನೆಯ ದಿನ, "ಇವತ್ತು ಇನ್ನೂ ತೆಳ್ಳಗಾಗೈತೆ." ನಿಂತುಹೋದರೆ ಮತ್ತೆ ಯಾವಾಗ ಬೀಳುತ್ತದೆಯೋ. ನನ್ನ ಆಯುಷ್ಯದಲ್ಲಿ ಇನ್ನೊಮ್ಮೆ ಬೀಳುತ್ತದೆ ಎಂದು ಯಾರು ಬರೆದುಕೊಡುತ್ತಾರೆ? ಜಗಲಿಯ ಮೇಲೆ ಮಲಗಿ ನನ್ನ ಬೆನ್ನನ್ನು ಚಾಪೆಗೆ ಒತ್ತಿಕೊಂಡು ಆ ಅಂಗೈ ನೆನೆಯುತ್ತಿದ್ದೆ. ಎಷ್ಟು ಅಗಲವಿತ್ತು, ಎಲ್ಲಿ ಇಡುತ್ತಿದ್ದರು, ಬೆರಳು ಯಾವ ಕಡೆಗಿರುತ್ತಿತ್ತು. ಅಪ್ಪನ ಮುಖವೇ ಈಗ ನನಗೆ ಸರಿಯಾಗಿ ನೆನಪಾಗುವುದಿಲ್ಲ, ಆ ಕೈ ಮಾತ್ರ ಬೆನ್ನಿಗೆ ಗೊತ್ತು. ಅದು ಬೇಕಿತ್ತು ನನಗೆ. ಬೇರೇನೂ ಬೇಕಿರಲಿಲ್ಲ.

ಸಾಹೇಬರು ಕೊನೆಗೂ ಬಂದರು. ಕುರ್ಚಿ ಎತ್ತಿ, ಮುಚ್ಚಳ ಬಿಚ್ಚಿ, ಒಳಗೆಲ್ಲ ಗಾಳಿ ಊದಿ, ಒಂದೊಂದೇ ವೈರಿನ ತುದಿಯನ್ನು ಒರೆಸುತ್ತ ಹೋದರು. ಚಾರ್ಜರು ಸಿಕ್ಕಿಸುವ ತೂತಿನ ಹತ್ತಿರ ನಿಂತು, ಟಾರ್ಚಿನ ಬೆಳಕು ಬಿಟ್ಟು ನೋಡಿ, ಜೋರಾಗಿ ನಕ್ಕರು. ತೂತಿನ ತುಂಬ ಅರಿಶಿನ ಕುಂಕುಮ ಕಲಸಿ ಮೆತ್ತಿತ್ತು, ಗಟ್ಟಿಯಾಗಿ ಒಣಗಿತ್ತು.

"ಇದ್ಯಾರಮ್ಮಾ ಇಲ್ಲಿಗೇ ಹಚ್ಚಿದ್ದು?"

ತಮ್ಮನ ಹೆಂಡತಿ ಬಾಗಿಲ ಹಿಂದಿನಿಂದ ಹೇಳಿದಳು: "ಅದು ಕರೆಂಟು ತಿನ್ನೋದು ಅಲ್ಲಿಂದ್ಲೇ ತಾನೇ? ಬಾಯಿಗ್ ಪೂಜೆ ಮಾಡ್ದಂಗಾಯ್ತು ಅಂತ..."

ಸಿಟ್ಟು ಬರಬೇಕಿತ್ತು, ನಗು ಬಂತು. ಸಾಹೇಬರು ಸೂಜಿಮೊನೆಯಲ್ಲಿ ಅರಿಶಿನ ಕೆದಕಿ ತೆಗೆದರು. ಸುಟ್ಟಿದ್ದ ಒಂದು ಫ್ಯೂಸು ಬದಲಾಯಿಸಿದರು. ಚಾರ್ಜರಿನ ಕೆಂಪು ದೀಪ ಹತ್ತಿದಾಗ ನನ್ನ ಕಣ್ಣಲ್ಲಿ ನೀರು ಬಂದದ್ದು ನೋಡಿ, ಗಾಬರಿಯಾಗಿ, "ಸರಿಹೋಯ್ತಲ್ಲಮ್ಮಾ, ಮತ್ಯಾಕೆ" ಎಂದರು. ಇದು ಇಷ್ಟಕ್ಕೇ ಸರಿಹೋಗುತ್ತದೆ ಎಂದು ತಮಗೂ ನಂಬಿಕೆ ಇರಲಿಲ್ಲ ಎಂದು ಟೀ ಕುಡಿಯುವಾಗ ಒಪ್ಪಿಕೊಂಡರು.

ಮಾರನೆಯ ಬೆಳಿಗ್ಗೆ ದೀಪ ಹಸಿರಾಗಿತ್ತು. ತಮ್ಮ ಹೊಲಕ್ಕೆ ಹೋಗಿದ್ದ, ಅವನ ಹೆಂಡತಿ ಹಾಲಿನ ಡೇರಿಗೆ ಹೋಗಿದ್ದಳು. ಚಾರ್ಜರ್ ಕಿತ್ತೆ, ಚಕ್ರ ನೋಡಿದೆ, ಹಿಂದಿನ ಸನ್ನೆ ತಡವಿದೆ. ಮುಂದಿನ ಬುಟ್ಟಿಗೆ ಒಣ ಸೀರೆ, ಟವೆಲ್ಲು ಹಾಕಿದೆ. ಕುರ್ಚಿಯ ಮೇಲೆ ಹಾಸಲು ಗೊಬ್ಬರದ ಪ್ಲಾಸ್ಟಿಕ್ ಚೀಲ ಇಟ್ಟುಕೊಂಡೆ. ಒದ್ದೆಯಾದ ನಾನು ವಾಪಸ್ ಬಂದು ಕೂರಬೇಕಲ್ಲ, ಗಾಡಿಗೆ ನೀರು ಆಗದು. ಸೆರಗು ಸಿಕ್ಕಿಸಿ ಹೊರಟೆ.

ಊರಮ್ಮನ ಗುಡಿ ದಾಟಿದ ಮೇಲೆ ಸದ್ದು ಕೇಳಿಸಿತು. ದೊಡ್ಡ ಸದ್ದಲ್ಲ, ಪಕ್ಕದ ಕೋಣೆಯಲ್ಲಿ ಯಾರೋ ಮೊರದಲ್ಲಿ ಅಕ್ಕಿ ಕೇರುತ್ತಿರುವಷ್ಟು. ಕೋಡಿ ಇನ್ನೂ ನಿಂತಿರಲಿಲ್ಲ. ಗಾಡಿಯ ಪಟ್ಟಿಯನ್ನು ಪೂರ್ತಿ ಒತ್ತಿದರೂ ಅದು ತನ್ನ ನಡಿಗೆ ಬಿಡಲಿಲ್ಲ. ಬೈದೆ. ದಾರಿ ಕೋಡಿಯ ಕಡೆಗೆ ಇಳಿಯುವ ಮುಂಚೆ ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿದೆ. ಇಳಿಜಾರು ಕಡಿದು, ಕಲ್ಲಿನ ಮೇಲೆ ಪಾಚಿ. ಅಲ್ಲಿಂದ ಮುಂದೆ ಗಾಡಿ ಹೋಗುವ ಹಾಗಿರಲಿಲ್ಲ. ಕೀಲಿ ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡೆ.

ಕೆಳಗೆ ಇಬ್ಬರು ಹೆಂಗಸರು ಬಟ್ಟೆ ಒಗೆಯುತ್ತಿದ್ದರು. ಅವರು ನನ್ನನ್ನೇ ನೋಡುತ್ತಿದ್ದರು. ನೀರು ಅಷ್ಟು ಹತ್ತಿರ ಇತ್ತು, ಊರುಗೋಲು ಊರಿದರೆ ಪಾಚಿಯಲ್ಲಿ ಜಾರುತ್ತದೆ. ಉಳಿದದ್ದು ಒಂದೇ ದಾರಿ. ಸ್ವಲ್ಪ ಹೊತ್ತು ಕುರ್ಚಿಯ ಮೇಲೇ ಕೂತಿದ್ದೆ. ಹಿಂದಕ್ಕೆ ಹೋಗಿಬಿಡಲೇ ಅನ್ನಿಸಿದ್ದೂ ನಿಜ. ಆಮೇಲೆ ನೆಲಕ್ಕಿಳಿದು ಎರಡೂ ಅಂಗೈ ಊರಿದೆ. ಮೇಕೆಯ ಹಾಗೆ ಯಾರೂ ಕೂಗಲಿಲ್ಲ. ಒಬ್ಬಾಕೆ ಎದ್ದು ಬರಲು ಹೋದವಳು, ನನ್ನ ಮುಖ ನೋಡಿ, ಮತ್ತೆ ಕೂತಳು. ಇನ್ನೊಬ್ಬಾಕೆ ನನ್ನ ದಾರಿಗೆ ಅಡ್ಡವಾಗಿದ್ದ ತನ್ನ ಬಟ್ಟೆಯ ರಾಶಿಯನ್ನು ಪಕ್ಕಕ್ಕೆ ಎಳೆದುಕೊಂಡಳು. ಅಷ್ಟೇ.

ನೀರು ತಣ್ಣಗಿತ್ತು. ಕೋಡಿ ತೆಳ್ಳಗಾಗಿದ್ದರೂ ಕಲ್ಲುಹಾಸಿನ ತಗ್ಗಿನಲ್ಲಿ ಅದು ಇಳಿದಿರಲಿಲ್ಲ. ಕೂತೆ, ಎದೆಯ ತನಕ ಬಂತು. ಕಾಲುಗಳು ಒಂದು ಗಳಿಗೆ ಸುಮ್ಮನಿದ್ದವು, ಆಮೇಲೆ ಮೆಲ್ಲಗೆ ಮೇಲೆದ್ದವು. ಒಂದಾದ ಮೇಲೆ ಒಂದು. ನಾನು ಅವನ್ನು ಮಾತಾಡಿಸಿದೆ, ಬಂದ್ರಾ ಎಂದು ಕೇಳಿದೆ. ಹೆಂಗಸರು ಬಟ್ಟೆ ಹಿಂಡಿಕೊಂಡು ಹೊರಟುಹೋಗುವವರೆಗೂ ಹಾಗೇ ಕೂತಿದ್ದೆ.

"ಅಕ್ಕಾ!"

ತಮ್ಮನ ಕೂಗು. ಡೇರಿಯಿಂದ ಬಂದ ಹೆಂಡತಿ ಫೋನು ಮಾಡಿರಬೇಕು. ಬೈಕಿನಲ್ಲಿ ಬಂದವನು ಮೇಲೆ ನಿಂತಿದ್ದ ಖಾಲಿ ಕುರ್ಚಿಯನ್ನು ಮೊದಲು ನೋಡಿದ್ದಾನೆ. ಬೈಕನ್ನು ನಿಲ್ಲಿಸಲೂ ಇಲ್ಲ, ಹಾಗೇ ಕೆಡವಿ ಓಡಿಬಂದ.

"ಬಿದ್ದೋದೇನಕ್ಕಾ?"

"ಬೀಳ್ಲಿಲ್ಲ ಕಣ್ಲಾ. ಇಳ್ದೆ."

"ಏನ್ ಮಾಡ್ಬುಟ್ಟೆ ನೀನು! ಬಾ ಮ್ಯಾಕೆ, ಎತ್ಕಂತೀನಿ."

"ಎತ್ಕೊಳಾಕೆ ನೀನೇ ಬರ್ಬೇಕು ಇಲ್ಲಿಗೆ. ಬಾ."

ಅವನು ಬರಲಿಲ್ಲ. ನೀರಿನ ಅಂಚಿಗೆ ಬಂದು, ಪಂಚೆ ಎತ್ತಿ ಹಿಡಿದು, ಅಲ್ಲೇ ನಿಂತ. ನಾನು ಕೂತಿದ್ದ ನೀರು ಅವನ ಮೊಣಕಾಲಿಗೆ ಬರುತ್ತಿತ್ತು, ಅಷ್ಟೇ. ಆದರೂ ನಿಂತ. ಆಗ ನನಗೆ ಮೊದಲ ಸಲ ತಿಳಿಯಿತು, ಇವನಿಗೆ ನೀರೆಂದರೆ ಹೆದರಿಕೆ. ಇಷ್ಟು ವರ್ಷ ಒಂದೇ ಮನೆಯವರು, ಈ ಒಣ ಸೀಮೆಯಲ್ಲಿ ಅದನ್ನು ತಿಳಿಯುವ ಸಂದರ್ಭವೇ ಬಂದಿರಲಿಲ್ಲ.

ನಾನು ಹಿಂದಕ್ಕೆ ಒರಗಿ, ಕತ್ತು ಸಡಿಲ ಬಿಟ್ಟು, ಅಂಗಾತ ಮಲಗಿದೆ. ಕಿವಿಗೆ ನೀರು ತುಂಬಿತು. ಆಕಾಶ ಈ ಸಲ ಬಾವಿಯ ಬಾಯಷ್ಟಿರಲಿಲ್ಲ, ಪೂರ್ತಿ ಇತ್ತು. ಬೆನ್ನು ಕಲ್ಲಿನಿಂದ ಮೇಲೆದ್ದಿತು. ಅಪ್ಪಾ ಎಂದು ಬಾಯಿಗೆ ಬಂತು. ಬೆನ್ನ ಕೆಳಗೆ ಹುಡುಕಿದೆ. ನೀರೇ ಇತ್ತು.

ಎದ್ದು ಕೂತಾಗ ತಮ್ಮ ಕಲ್ಲಿನ ಮೇಲೆ ಕುಕ್ಕರಿಸಿದ್ದ.

"ನಿಜವಾಗ್ಲೂ ಅಪ್ಪನೇ ಕಲ್ಸಿದ್ದಾ?"

"ಎಷ್ಟ್ ಸಲ ಹೇಳಿದೀನಿ ನಿಂಗೆ!"

"ನಂಗ್ ಕಲಿಸ್ಲಿಲ್ಲ ಕಣಕ್ಕ."

"ಬಾವಿ ಬತ್ತೋಗಿತ್ತಲ್ಲೋ. ನೀನಿನ್ನೂ ಇಷ್ಟುದ್ದ ಇದ್ದೆ."

"ಊಂ." ನೀರನ್ನೇ ನೋಡುತ್ತ ಹೇಳಿದ: "ನಿನ್ನ ಎತ್ಕೊಂಡ್ ತಿರುಗ್ತಿತ್ತು ಅಪ್ಪ. ನಂಗೆ ಕಾಲ್ ನೆಟ್ಟಗಿತ್ತಲ್ಲ, ನಡ್ಕೊಂಡೇ ಹೋಗ್ತಿದ್ದೆ ಹಿಂದೆ. ಅಪ್ಪನ ಕಯ್ಯಿ ಹೆಂಗಿತ್ತು ಅಂತ್ಲೇ ನಂಗ್ ಗ್ಯಾನ ಇಲ್ಲ."

ಊರೆಲ್ಲ ಅಯ್ಯೋ ಪಾಪ ಎಂದದ್ದು ನನ್ನನ್ನು. ತಲೆಗೂದಲು ಬೆಳ್ಳಗಾದ ಈ ಗಂಡಸು ಇಷ್ಟು ವರ್ಷ ನನ್ನನ್ನು ಹೊತ್ತುಕೊಂಡು ತಿರುಗುತ್ತ, ನನ್ನ ಈಜಿನ ಮಾತು ಬಂದಾಗ ನಗುತ್ತಿದ್ದದ್ದು ಯಾಕೆಂದು ಅಲ್ಲಿ ಕೂತು ಅರ್ಥವಾಯಿತು. ನನ್ನ ಹತ್ತಿರ ಇದ್ದದ್ದು ಅವನ ಹತ್ತಿರ ಇರಲಿಲ್ಲ.

"ಬಾರ್ಲಾ ಇಲ್ಲಿ" ಎಂದೆ.

ಅಂಗಿ ಬಿಚ್ಚಿ ಅದರಲ್ಲಿ ಮೊಬೈಲು ಸುತ್ತಿಟ್ಟ. ನನ್ನ ಭುಜ ಹಿಡಿದು ಒಂದೊಂದೇ ಹೆಜ್ಜೆ ಇಟ್ಟು ಬಂದ. ಮಲಗಿಸಿದೆ. ಬೆನ್ನ ಕೆಳಗೆ ಅಂಗೈ ಇಟ್ಟೆ, ಅಪ್ಪ ಇಡುತ್ತಿದ್ದ ಜಾಗದಲ್ಲೇ, ಬೆರಳು ಅದೇ ಕಡೆಗೆ. ಮರದ ದಿಮ್ಮಿಯಷ್ಟು ಬಿಗಿಯಾಗಿದ್ದ, ಭಾರ ಪೂರ್ತಿ ನನ್ನ ಕೈಮೇಲೆ. ನನ್ನ ಇನ್ನೊಂದು ಕೈಯ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದ.

"ಕತ್ತು ಸಡಲ ಬುಡು. ಆಕಾಶ ನೋಡು."

"ಕೈ ತೆಗೀಬ್ಯಾಡ ಕಣಕ್ಕ."

"ಇಟ್ಟಿದೀನಿ ಕಣ್ಲಾ."

ಸ್ವಲ್ಪ ಹೊತ್ತಿಗೆ ಮಣಿಕಟ್ಟಿನ ಹಿಡಿತ ಸಡಿಲವಾಯಿತು. ಅವನ ಭಾರ ಮೆಲ್ಲಗೆ ನನ್ನ ಅಂಗೈ ಬಿಟ್ಟು ನೀರಿನ ಮೇಲೆ ಹೋಯಿತು. ಅಪ್ಪ ಕೈ ತೆಗೆಯುತ್ತಿದ್ದದ್ದು ಯಾವಾಗ ಎಂದು ನನಗೆ ಆಗ ಗೊತ್ತಾಯಿತು. ಇದೇ ಹೊತ್ತು. ತೆಗೆಯಬಹುದಿತ್ತು. ಅವನು ಕಣ್ಣು ಮುಚ್ಚಿಕೊಂಡಿದ್ದ.

ನಾನು ತೆಗೆಯಲಿಲ್ಲ.